ಟೂರ್ ಬಸ್ಸು ಬರಲಿ, ಆದರೆ ಹೇರಿಗಿಷ್ಟು ಇಟ್ಟು ಹೋಗಲಿ

ರೇಷ್ಮೆ ದಾರಿಯ ಟೂರ್ ಜಾಹೀರಾತು ಈಗ ನಮ್ಮ ಹಳ್ಳಿಯ ಮೊಬೈಲ್‌ಗಳಿಗೂ ಬರುತ್ತದೆ. ತಾಷ್ಕೆಂಟ್, ಸಮರ್ಕಂಡ್, ಬುಖಾರಾ. ನೀಲಿ ಗುಮ್ಮಟದ ಫೋಟೊ, ಕೆಳಗೆ ಲಕ್ಷದ ಲೆಕ್ಕದಲ್ಲಿ ರೇಟು. ಇಪ್ಪತ್ತು ಮಂದಿಯ ಗುಂಪು, ಒಂದು ಬಸ್ಸು, ಮುಂದೆ ಸಣ್ಣ ಬಾವುಟ ಹಿಡಿದ ಒಬ್ಬ ಗೈಡ್. ಬೆಳಿಗ್ಗೆ ಒಂದು ಊರು, ಸಂಜೆಗೆ ಇನ್ನೊಂದು. ವ್ಯಾಪಾರಿಗಳು ಒಂಟೆ ಕಟ್ಟಿಕೊಂಡು ತಿಂಗಳುಗಟ್ಟಲೆ ನಡೆದ ದಾರಿಯನ್ನು ಒಂದು ವಾರದಲ್ಲಿ ತೋರಿಸುತ್ತೇವೆ ಅನ್ನುವ ಭರವಸೆ.

ಹೋಗುವವರು ಹೋಗಲಿ, ನಮ್ಮ ತಕರಾರಿಲ್ಲ. ತಾಷ್ಕೆಂಟ್ ನಮಗೆ ಹೊಸ ಹೆಸರೂ ಅಲ್ಲ. 1966ರ ಜನವರಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ತೀರಿಕೊಂಡದ್ದು ಅಲ್ಲಿಯೇ ಎಂದು ಶಾಲೆಯಲ್ಲಿ ಓದಿದ್ದೇವೆ. ನಮ್ಮ ಮಾತು ಬೇರೆ. ಅಂಥ ಹಳೇ ವ್ಯಾಪಾರದ ದಾರಿಗಳು ನಮ್ಮ ರಾಯಚೂರು ಸೀಮೆಯಲ್ಲೂ ಹಾದುಹೋಗಿದ್ದವು. ಇವತ್ತಲ್ಲ ನಾಳೆ ಯಾರೋ ಒಬ್ಬರು ಅದಕ್ಕೂ ಒಂದು ಪ್ಯಾಕೇಜ್ ಮಾಡುತ್ತಾರೆ. ಆ ಬಸ್ಸು ಗಬ್ಬೂರಿನ ಗುಡಿ ಮುಂದೆ ಬಂದು ನಿಂತ ದಿನ ಊರವರು ಏನು ಕೇಳಬೇಕು? ಇದನ್ನು ಬಸ್ಸು ಬರುವ ಮುಂಚೆಯೇ ತೀರ್ಮಾನಿಸಬೇಕು ಅನ್ನುವುದು ನಮ್ಮ ವಾದ.

ದಾರಿ ಅಂದರೆ ಒಂದೇ ಗೆರೆ ಅಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ರೇಷ್ಮೆ ದಾರಿ ಅಂದರೆ ಚೀನಾದಿಂದ ಹೊರಟು ಪಶ್ಚಿಮಕ್ಕೆ ಹೋಗುವ ಒಂದೇ ಒಂದು ರಸ್ತೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಅದು ಮೀನು ಬಲೆಯ ಹಾಗೆ ಹರಡಿದ್ದ ನೂರಾರು ದಾರಿಗಳ ಗುಂಪು. ಆ ಹೆಸರನ್ನು ಬಳಕೆಗೆ ತಂದದ್ದು ಫರ್ಡಿನಾಂಡ್ ಫಾನ್ ರಿಕ್ಟ್‌ಹೋಫನ್ ಎಂಬ ಜರ್ಮನಿಯ ಭೂಗೋಳ ಪಂಡಿತ, ಅದೂ 1877ರಲ್ಲಿ. ಆ ದಾರಿಯಲ್ಲಿ ನಡೆದ ವ್ಯಾಪಾರಿಗೆ ಅದು ಮುಂದಿನ ಸಂತೆಗೆ ಹೋಗುವ ಹಾದಿ, ಅಷ್ಟೇ. 2014ರಲ್ಲಿ ಯುನೆಸ್ಕೊ ಆ ಬಲೆಯ ಒಂದು ಭಾಗವನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಚೀನಾ, ಕಜಕಿಸ್ತಾನ, ಕಿರ್ಗಿಸ್ತಾನ ಮೂರೂ ದೇಶದ 33 ಜಾಗಗಳನ್ನು ಒಟ್ಟಿಗೆ ತೆಗೆದುಕೊಂಡಿತು. ಒಂದೊಂದೇ ಗುಡಿ, ಒಂದೊಂದೇ ಕೋಟೆ ಅಂತ ಬಿಡಿಬಿಡಿಯಾಗಿ ನೋಡದೆ, ದಾರಿಯನ್ನೇ ಪೂರ್ತಿಯಾಗಿ ನೋಡಿತು. ಈ ಪಾಠವನ್ನು ನಾವು ಕಲಿಯಬೇಕು.

ನಮ್ಮಲ್ಲಿ ಏನಾಗಿದೆ? ಕೋಟೆ ಬೇರೆ, ಶಾಸನ ಬೇರೆ, ಚಿನ್ನದ ಗಣಿ ಬೇರೆ, ಗುಡಿ ಬೇರೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಬಿದ್ದಿವೆ. ಕೂಡಿಸಿ ನೋಡಿದರೆ ಚಿತ್ರವೇ ಬದಲಾಗುತ್ತದೆ.

ಕೃಷ್ಣೆ ತುಂಗಭದ್ರೆಯರ ನಡುವಿನ ಈ ಸೀಮೆಯನ್ನು ಹಳೇ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಎರಡು ಹೊಳೆಗಳ ಎಡೆಯ ನಾಡು. ಇದಕ್ಕಾಗಿ ರಾಜರುಗಳು ಯಾಕೆ ಅಷ್ಟು ಬಡಿದಾಡಿದರು? ಎರಿ ಭೂಮಿ ಒಂದು ಕಾರಣ, ಕೋಟೆಗಳು ಇನ್ನೊಂದು, ಚಿನ್ನ ಮತ್ತೊಂದು.

ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಇವತ್ತಿಗೂ ಚಿನ್ನ ತೆಗೆಯುತ್ತಾರೆ. ಇಂಗ್ಲಿಷರ ಕಂಪನಿ ಬರುವ ಎಷ್ಟೋ ಮೊದಲೇ ನಮ್ಮ ಹಳಬರು ಅಲ್ಲಿ ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ಒಡೆದು, ನೂರಾರು ಅಡಿ ಆಳಕ್ಕೆ ಇಳಿದಿದ್ದರು. ಆ ಹಳೇ ಗಣಿಯೊಳಗೆ ಸಿಕ್ಕ ಕಟ್ಟಿಗೆಯನ್ನು ಪರೀಕ್ಷೆ ಮಾಡಿದಾಗ ಸುಮಾರು ಎರಡು ಸಾವಿರ ವರ್ಷ ಹಳೇದು ಎಂದು ಗೊತ್ತಾಯಿತು. ಅಷ್ಟು ಆಳಕ್ಕೆ ಇಳಿದು ತೆಗೆದ ಚಿನ್ನ ಊರಲ್ಲೇ ಕೂತಿರಲಿಲ್ಲ. ಹೊರಗೆ ಹೋಗಲು ಅದಕ್ಕೆ ದಾರಿ ಬೇಕಿತ್ತು.

ಹಟ್ಟಿಯಿಂದ ಮಸ್ಕಿ ದೂರವಿಲ್ಲ. ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಗುರುತಿಸಿದವರು ಬೀಡನ್ ಎಂಬ ಗಣಿ ಎಂಜಿನಿಯರ್. ಚಿನ್ನ ಹುಡುಕಲು ಬಂದವರಿಗೆ ಚಕ್ರವರ್ತಿಯ ಹೆಸರು ಸಿಕ್ಕಿತು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಇತ್ತು, ಅದು ಅಶೋಕನದೇ ಎಂದು ಕಲ್ಲಿನ ಮೇಲೆ ಖಚಿತವಾದದ್ದು ಮಸ್ಕಿಯಲ್ಲಿ. ಅದೇ ಮಸ್ಕಿಯಲ್ಲಿ ಹಳೇ ಕಾಲದ ಮಣಿಗಳು, ಶಂಖದ ಬಳೆಗಳು ಸಿಕ್ಕಿವೆ. ಸಮುದ್ರ ಇಲ್ಲಿಂದ ನೂರಾರು ಕಿಲೋಮೀಟರ್ ದೂರ. ಶಂಖ ತಾನಾಗಿ ನಡೆದು ಬರಲಿಲ್ಲ, ಯಾರೋ ಹೊತ್ತು ತಂದರು.

ಅಶೋಕ ಎಲ್ಲೆಲ್ಲಿ ಬರೆಸಿದ ಎಂದು ನೋಡಿ. ಮಸ್ಕಿ, ಕೊಪ್ಪಳ, ಭೀಮಾ ದಂಡೆಯ ಸನ್ನತಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ. ಓದಲು, ಕೇಳಲು ಜನ ಇಲ್ಲದ ಕಡೆ ಯಾವ ರಾಜನೂ ಅಪ್ಪಣೆ ಬರೆಸುವುದಿಲ್ಲ. ಇವತ್ತು ಸರಕಾರ ಬೋರ್ಡು ಹಾಕುವುದೂ ಬಸ್ ಸ್ಟ್ಯಾಂಡಿನ ಮುಂದೆಯೇ ಅಲ್ಲವೇ?

ಮುಂದಿನ ಕಾಲಕ್ಕೆ ಬಂದರೆ ಐಹೊಳೆಯ ಐನೂರ್ವರು. ಅಯ್ಯಾವೊಳೆ ಐನೂರ್ವರು ಎಂದರೆ ವ್ಯಾಪಾರಿಗಳ ದೊಡ್ಡ ಸಂಘ. ಹೆಸರು ಬಾಗಲಕೋಟೆ ಜಿಲ್ಲೆಯ ಐಹೊಳೆಯದು, ವ್ಯವಹಾರ ಸಮುದ್ರದಾಚೆಯದು. ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಬಾರೂಸ್ ಹತ್ತಿರ ಇದೇ ಐನೂರ್ವರ ಹೆಸರಿರುವ 1088ರ ತಮಿಳು ಶಾಸನ ಸಿಕ್ಕಿದೆ. ಕರ್ಪೂರಕ್ಕೆ ಹೆಸರಾದ ಬಂದರು ಅದು. ಶಿವಮೊಗ್ಗ ಜಿಲ್ಲೆಯ 11ನೇ ಶತಮಾನದ ಒಂದು ಶಾಸನ ಈ ವ್ಯಾಪಾರಿಗಳ ಸರಕಿನ ಪಟ್ಟಿಯನ್ನೇ ಕೊಡುತ್ತದೆ: ಆನೆ, ಕುದುರೆ, ಮುತ್ತು, ರತ್ನ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ. ಇವೆಲ್ಲ ಕೋಣ, ಕತ್ತೆಗಳ ಬೆನ್ನ ಮೇಲೆ ಊರಿಂದೂರಿಗೆ ಹೋದವು.

ಇನ್ನೂ ಮುಂದಕ್ಕೆ ಬಂದರೆ, 1470ರ ಸುಮಾರಿಗೆ ರಷ್ಯದ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ಒಂದೇ ಒಂದು ಕುದುರೆ ಹಿಡಿದುಕೊಂಡು ಬೀದರಿಗೆ ಬಂದ. ಅವನು ಬರೆದಿಟ್ಟ ಪುಸ್ತಕದಲ್ಲಿ ರಾಯಚೂರಿನ ವಜ್ರದ ಮಾತು ಬರುತ್ತದೆ. 1520ರಲ್ಲಿ ಕೃಷ್ಣದೇವರಾಯನಿಗೂ ವಿಜಯಪುರದ ಇಸ್ಮಾಯಿಲ್ ಆದಿಲ್ ಶಾಹಿಗೂ ರಾಯಚೂರು ಕೋಟೆಗಾಗಿ ನಡೆದ ಯುದ್ಧದ ವಿವರವನ್ನು ನಮಗೆ ಬಿಟ್ಟುಹೋದ ಪೋರ್ಚುಗೀಸ್ ಫೆರ್ನಾವೊ ನುನೀಸ್ ಕೂಡ ಕುದುರೆ ವ್ಯಾಪಾರಿಯೇ. ನಮ್ಮ ಚರಿತ್ರೆಯನ್ನು ದೂರದವರು ಬರೆದಿಟ್ಟದ್ದು ವ್ಯಾಪಾರಕ್ಕೆ ಬಂದಾಗ.

ಗಬ್ಬೂರಲ್ಲಿ ಏನೈತ್ರಿ?

‘ಇಲ್ಲೇನೈತ್ರಿ ಅಣ್ಣಾರ, ನೋಡಾಕ? ಹಳೇ ಗುಡಿ, ಬಿದ್ದ ಕಲ್ಲು.’ ಗಬ್ಬೂರಿನ ಕಟ್ಟೆ ಮೇಲೆ ಕೇಳಿದರೆ ಬರುವ ಉತ್ತರ ಇದು. ಉತ್ತರದೊಳಗೇ ಉತ್ತರ ಇದೆ.

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿಯ ಗಬ್ಬೂರಿಗೆ ಗೋಪುರಗ್ರಾಮ ಎಂಬ ಹಳೇ ಹೆಸರಿದೆ. ಒಂದು ಕಾಲಕ್ಕೆ ಇದು ವಿದ್ಯೆಯ ಕೇಂದ್ರವಾಗಿತ್ತು ಎಂದು ಜಿಲ್ಲಾ ಗೆಜೆಟಿಯರ್ ಹೇಳುತ್ತದೆ. ಮಲೆಶಂಕರ, ವೆಂಕಟೇಶ್ವರ, ಈಶ್ವರ, ಬಂಗಾರ ಬಸಪ್ಪ, ಹನುಮಂತ ದೇವರ ಗುಡಿಗಳು, ಬೂದಿ ಬಸವೇಶ್ವರ ಮಠ, ಅಲ್ಲಲ್ಲಿ ಶಾಸನದ ಕಲ್ಲುಗಳು. ಒಂದು ಹಳ್ಳಿಯಲ್ಲಿ ಇಷ್ಟು ಗುಡಿ ಕಟ್ಟಿಸಲು, ಪಾಠ ಹೇಳುವವರನ್ನೂ ಕಲಿಯುವವರನ್ನೂ ಸಾಕಲು ದುಡ್ಡು ಎಲ್ಲಿಂದ ಬಂತು? ಹೊಲದ ಬೆಳೆಯಿಂದ ಒಂದಿಷ್ಟು, ರಾಜರ ದತ್ತಿಯಿಂದ ಒಂದಿಷ್ಟು. ಆ ಕಾಲದ ಊರುಗಳಲ್ಲಿ ಮೂರನೇ ಮೂಲವೂ ಒಂದಿತ್ತು. ಅದೇ ನಮ್ಮ ಇವತ್ತಿನ ವಿಷಯ.

ಹೇರಿಗಿಷ್ಟು ಎಂಬ ಲೆಕ್ಕ

ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳನ್ನು ಓದಿದವರಿಗೆ ಒಂದು ಮಾತು ಮತ್ತೆ ಮತ್ತೆ ಕಾಣುತ್ತದೆ. ಊರಿಗೆ ಸರಕು ತಂದ ವ್ಯಾಪಾರಿಗಳು ಹೇರಿಗಿಷ್ಟು ಎಂದು ಗುಡಿಗೆ, ಕೆರೆಗೆ, ಮಠಕ್ಕೆ ಬಿಟ್ಟುಕೊಡುತ್ತಿದ್ದರು. ಹೇರು ಎಂದರೆ ಎತ್ತಿನ ಬೆನ್ನ ಮೇಲಿನ ಹೊರೆ. ಎಲೆ ಹೇರಿಗೆ ಇಷ್ಟು ಎಲೆ, ಅಡಿಕೆ ಹೇರಿಗೆ ಇಷ್ಟು ಅಡಿಕೆ, ಧಾನ್ಯದ ಹೇರಿಗೆ ಇಷ್ಟು ಕಾಳು. ಗಾಣದವರು ದೀಪಕ್ಕೆ ಎಣ್ಣೆ ಬಿಡುತ್ತಿದ್ದರು. ರಾಜನ ಸುಂಕ ಬೇರೆ, ಹೆಜ್ಜುಂಕ, ವಡ್ಡರಾವುಳ ಅಂತ ಅದಕ್ಕೆ ಹೆಸರುಗಳಿದ್ದವು. 12ನೇ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬವರೇ ಇದ್ದರು, ಅಂದರೆ ಸುಂಕ ಎತ್ತುವ ಕಾಯಕ ಅಷ್ಟು ಮಾಮೂಲು. ಆದರೆ ಹೇರಿಗಿಷ್ಟು ಎಂಬುದು ವ್ಯಾಪಾರಿಗಳು ಕೂಡಿ ಕೂತು ಒಪ್ಪಿ ಊರಿಗೆ ಬಿಟ್ಟ ಪಾಲು. ಅದನ್ನು ಕಲ್ಲಿನ ಮೇಲೆ ಬರೆಸುತ್ತಿದ್ದರು, ನಾಳೆ ಯಾರೂ ತಪ್ಪಿಸಬಾರದೆಂದು.

ಇದರಲ್ಲಿ ವ್ಯಾಪಾರಿಯ ಜಾಣತನವೂ ಇತ್ತು. ಎತ್ತು ಹೇರಿಕೊಂಡು ಹೊರಟವನು ದಿನಕ್ಕೆ ಕೆಲವೇ ಹರದಾರಿ ನಡೆಯಬಲ್ಲ. ರಾತ್ರಿ ತಂಗಲು ಊರು ಬೇಕು, ಎತ್ತಿಗೆ ಕೆರೆ ನೀರು ಬೇಕು, ಕಳ್ಳರಿಂದ ಕಾವಲು ಬೇಕು. ಊರು ಚೆಂದ ಇದ್ದರೆ ತನ್ನ ದಾರಿ ಚೆಂದ ಎಂದು ಅವನಿಗೆ ಗೊತ್ತಿತ್ತು. ಹಾಗಾಗಿ ಹಾದುಹೋಗುವ ದಾರಿ ಊರಿಗೆ ಕೆರೆ ಕೊಟ್ಟಿತು, ಗುಡಿ ಕೊಟ್ಟಿತು.

ಈಗಿನ ಟೂರ್ ಬಸ್ಸಿಗೆ ನಮ್ಮ ಊರು ಬೇಕಾಗಿಲ್ಲ. ರಾತ್ರಿ ತಂಗುವುದು ಸಿಟಿಯ ಲಾಡ್ಜಿನಲ್ಲಿ, ನೀರು ಬಾಟಲಿಯಲ್ಲಿ, ಊಟ ಹೈವೇ ಹೋಟೆಲ್‌ನಲ್ಲಿ, ಗೈಡ್ ಬೆಂಗಳೂರಿನವರು. ಗುಡಿ ಮುಂದೆ ಮುಕ್ಕಾಲು ತಾಸು ನಿಂತು, ಫೋಟೊ ಹೊಡೆದು ಹೋದರೆ ಊರಿಗೆ ಉಳಿಯುವುದು ಚಹಾದ ಕಾಸು ಮತ್ತು ಖಾಲಿ ಬಾಟಲಿ. ಹಳೇ ವ್ಯಾಪಾರದ ದಾರಿ ತೋರಿಸುತ್ತೇವೆ ಎಂದು ದುಡ್ಡು ಪಡೆಯುವವರು ಹಳೇ ವ್ಯಾಪಾರದ ನಿಯಮವನ್ನೂ ಪಾಲಿಸಲಿ. ಅವರು ಹೇರಿಗಿಷ್ಟು ಕೊಡುತ್ತಿದ್ದರು, ಇವರು ತಲೆಗಿಷ್ಟು ಕೊಡಲಿ.

ಒಂದು ಸಣ್ಣ ಲೆಕ್ಕ

ನಾವೇ ಕೂತು ಒಂದು ಅಂದಾಜು ಹಾಕಿದ್ದೇವೆ. ಇಪ್ಪತ್ತು ಮಂದಿಯ ಒಂದು ಬಸ್ಸು ಗಬ್ಬೂರಿಗೆ ಬಂತು ಎಂದುಕೊಳ್ಳಿ. ಎಲ್ಲರೂ ಹತ್ತು ರೂಪಾಯಿ ಚಹಾ ಕುಡಿದು ಹೋದರೆ ಊರಿಗೆ 200 ರೂಪಾಯಿ.

ಅದೇ ಬಸ್ಸು ಅರ್ಧ ದಿನ ನಿಂತಿತು ಎಂದುಕೊಳ್ಳಿ. ತಲೆಗೆ 50 ರೂಪಾಯಿ ಊರಿನ ಪಾಲು, ಅದು 1,000. ಊರಿನ ಇಬ್ಬರು ಗೈಡ್‌ಗಳಿಗೆ ತಲಾ 500, ಅದು 1,000. ಸ್ವಸಹಾಯ ಸಂಘದ ಅಕ್ಕಂದಿರು ಮಾಡಿದ ಊಟ, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು, ತಲೆಗೆ 150 ಹಿಡಿದರೆ 3,000. ಒಟ್ಟು 5,000 ರೂಪಾಯಿ. ಬಿಸಿಲು ಕಡಿಮೆ ಇರುವ ಅಕ್ಟೋಬರದಿಂದ ಫೆಬ್ರವರಿವರೆಗೆ ವಾರಕ್ಕೆ ಎರಡೇ ಬಸ್ಸು ಬಂದರೂ ಸುಮಾರು 40 ಬಸ್ಸು, 2 ಲಕ್ಷ ರೂಪಾಯಿ. ಅದರಲ್ಲಿ ಊರಿನ ಪಾಲು 40 ಸಾವಿರ.

ಇದರಿಂದ ಗಬ್ಬೂರು ಸಮರ್ಕಂಡ್ ಆಗುವುದಿಲ್ಲ. ಆದರೆ ಗುಡಿಯ ಅಂಗಳ ಕಸ ಗುಡಿಸುವವರಿಗೆ ಸಂಬಳ ಆಗುತ್ತದೆ, ಎರಡು ಶೌಚಾಲಯ ಸ್ವಚ್ಛ ಇಡಲು ಆಗುತ್ತದೆ, ಶಾಸನದ ಕಲ್ಲಿಗೆ ನೆರಳು ಹಾಕಿಸಲು ಆಗುತ್ತದೆ. ಕೋಟಿಗಳ ಯೋಜನೆಯ ಮಾತಿಗಿಂತ ಕೈಗೆ ಬರುವ 40 ಸಾವಿರ ಮೇಲು.

ಹಂಪಿಯನ್ನು ನೋಡಿ ಕಲಿಯೋಣ

‘ಪ್ರವಾಸೋದ್ಯಮ ಬಂದರೆ ಊರು ಉದ್ಧಾರ’ ಎನ್ನುವವರು ಹಂಪಿಯ ಬಜಾರದಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಬೇಕು. ವಿರೂಪಾಕ್ಷ ಗುಡಿ ಮುಂದಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ನೂರಾರು ಕುಟುಂಬಗಳನ್ನು 2011ರ ಜುಲೈನಲ್ಲಿ ಎಬ್ಬಿಸಿದರು. ಜೆಸಿಬಿ ಬಂತು, ಮನೆ ಹೋದವು. ಆಮೇಲೆ ಕಡ್ಡಿರಾಂಪುರದ ಕಡೆ ಜಾಗ ಕೊಟ್ಟರು. ಸ್ಮಾರಕ ಉಳಿಯಬೇಕು ಎಂಬ ಮಾತು ಸರಿ. ಆದರೆ ಬಂದ ಜನಕ್ಕೆ ಚಹಾ ಕೊಟ್ಟು, ರೂಮು ಕೊಟ್ಟು ಬದುಕು ಕಟ್ಟಿಕೊಂಡವರೇ ಕೊನೆಗೆ ಒತ್ತುವರಿದಾರರಾದರು. ಐಹೊಳೆಯಲ್ಲೂ ಗುಡಿಗಳ ನಡುವಿನ ಮನೆಗಳನ್ನು ಸ್ಥಳಾಂತರ ಮಾಡುವ ಮಾತು ವರ್ಷಗಟ್ಟಲೆ ಎಳೆದಾಡಿದೆ.

ಹಾಗಾಗಿ ನಮ್ಮ ಕಡೆಯ ಹಿರಿಯರು, ‘ಸರಕಾರದವರು ಗುಡಿ ಮ್ಯಾಲೆ ಬೋರ್ಡ್ ಹಾಕಿದ್ರ ನಮ್ಮ ಮನಿ ಹೋಗ್ತಾವಪ್ಪಾ’ ಎಂದು ಅಂಜಿದರೆ ಅದು ಅಜ್ಞಾನ ಅಲ್ಲ. ಕಾನೂನು ತಿಳಿದುಕೊಳ್ಳಬೇಕು. ಕೇಂದ್ರ ಪುರಾತತ್ವ ಇಲಾಖೆಯ ಪಟ್ಟಿಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಕಟ್ಟಲು ಪರವಾನಗಿ ಬೇಕು. 2010ರ ತಿದ್ದುಪಡಿಯಿಂದ ಇದು ಬಿಗಿಯಾಗಿದೆ. ರಾಜ್ಯದ ಪಟ್ಟಿಯಲ್ಲಿರುವ ಸ್ಮಾರಕಗಳಿಗೆ 1961ರ ರಾಜ್ಯ ಕಾಯ್ದೆ ಬೇರೆ ಇದೆ. ಯಾವ ಗುಡಿ ಯಾವ ಪಟ್ಟಿಯಲ್ಲಿದೆ, ಅದರ ಗಡಿ ಎಲ್ಲಿಯವರೆಗೆ, ಒಳಗೆ ಯಾರ ಯಾರ ಮನೆ ಬರುತ್ತದೆ ಎಂಬ ನಕ್ಷೆಯನ್ನು ಪಂಚಾಯ್ತಿ ಗೋಡೆಗೆ ಹಚ್ಚಬೇಕು. ಬಸ್ಸು ಬರುವ ಮುಂಚೆ ಈ ಕೆಲಸ ಆಗಬೇಕು.

ಹತ್ತಿರದಲ್ಲೇ ಇನ್ನೊಂದು ಮಾದರಿಯೂ ಇದೆ. ಹಂಪಿಯಿಂದ ಹೊಳೆ ದಾಟಿದರೆ ಗಂಗಾವತಿ ತಾಲೂಕಿನ ಆನೆಗೊಂದಿ. ಅಲ್ಲಿ ಕಿಷ್ಕಿಂದಾ ಟ್ರಸ್ಟ್ ಎಂಬ ಸಂಸ್ಥೆ ಊರಿನ ಹೆಣ್ಣುಮಕ್ಕಳಿಗೆ ಬಾಳೆ ನಾರಿನ ಕೆಲಸ ಕಲಿಸಿತು, ಹಳೇ ಮನೆಗಳನ್ನು ದುರಸ್ತಿ ಮಾಡಿ ಬಂದವರು ತಂಗುವ ಹಾಗೆ ಮಾಡಿತು. ಹಳೇ ಮನೆ ಕೆಡವದೆಯೂ ದುಡ್ಡು ಹುಟ್ಟುತ್ತದೆ ಎಂದು ತೋರಿಸಿದ ಊರು ಅದು.

ಗೈಡ್ ಯಾರಾಗಬೇಕು?

ನಮ್ಮ ಪ್ರಕಾರ ಇಡೀ ವಿಷಯದ ಗಂಟು ಇಲ್ಲಿದೆ. ಗುಂಪು ಪ್ರವಾಸದಲ್ಲಿ ಗೈಡ್ ಏನು ಹೇಳುತ್ತಾನೋ ಅದೇ ಚರಿತ್ರೆ. ಬಂದವರು ಮನೆಗೆ ಹೋಗಿ ಅದನ್ನೇ ಹೇಳುತ್ತಾರೆ. ಹೊರಗಿನ ಗೈಡ್ ಬಂದರೆ ರಾಜ, ರಾಣಿ, ಯುದ್ಧ, ನಿಧಿ, ಶಾಪ ಎಂದು ಕಥೆ ಕಟ್ಟಿ ಮುಗಿಸುತ್ತಾನೆ. ನಿಧಿಯ ಕಥೆಯಂತೂ ನಮ್ಮ ಗುಡಿಗಳಿಗೆ ವಿಷ. ಅಂಥ ಮಾತು ನಂಬಿಯೇ ಅಲ್ಲವೇ ನಮ್ಮ ಕಡೆ ನಿಧಿಗಳ್ಳರು ಅಮಾವಾಸ್ಯೆ ರಾತ್ರಿ ಹಳೇ ಗುಡಿಗಳ ಗರ್ಭಗುಡಿ ಅಗೆಯುವುದು, ಬಸವಣ್ಣನ ಮೂರ್ತಿ ಕಿತ್ತು ಹಾಕುವುದು? ದಿನಾ ಹತ್ತು ಜನ ಓಡಾಡುವ, ಊರಿನ ಹುಡುಗನೊಬ್ಬ ಬೀಗದ ಕೈ ಇಟ್ಟುಕೊಂಡ ಗುಡಿಗೆ ಕಳ್ಳ ಬರಲು ಅಂಜುತ್ತಾನೆ.

ಊರಿನ ಗೈಡ್ ಬೇರೆ ಕಥೆ ಹೇಳಬಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನ ಇರುವ ಒಂದೇ ಕಲ್ಲು 40 ಅಡಿಗೂ ಉದ್ದ ಇದೆ. ಅದನ್ನು ಬಂಡಿಯ ಮೇಲೆ ಹೇರಿ, ಜೋಡಿ ಜೋಡಿ ಜಾನುವಾರು ಕಟ್ಟಿ ಎಳೆದು ತಂದ ಚಿತ್ರವನ್ನೂ ಅಲ್ಲಿಯೇ ಕೆತ್ತಿದ್ದಾರೆ. ಕೋಟೆ ಕಟ್ಟಿಸಿದವರ ಹೆಸರು ಅಕ್ಷರದಲ್ಲಿದೆ, ಕಲ್ಲು ಎಳೆದವರು ಚಿತ್ರದಲ್ಲಿದ್ದಾರೆ. ಇದನ್ನು ತೋರಿಸಬೇಕು.

ಹಾಗೆಯೇ ತಾಂಡಾಗಳ ಕಥೆ. ದೇವದುರ್ಗ, ಲಿಂಗಸುಗೂರು ಕಡೆ ಇರುವ ಲಂಬಾಣಿ ತಾಂಡಾಗಳ ಹಿರಿಯರ ಹಿರಿಯರು ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದಖ್ಖನ್ ತುಂಬಾ ಓಡಾಡಿದವರು. ಮೊಗಲರ ದಂಡಿಗೂ ಧಾನ್ಯ ಮುಟ್ಟಿಸಿದವರು. 1871ರಲ್ಲಿ ಮುಂಬೈ ಕಡೆಯಿಂದ ಬಂದ ರೈಲು ಹಳಿ ಮತ್ತು ಮದ್ರಾಸ್ ಕಡೆಯಿಂದ ಬಂದ ಹಳಿ ಕೂಡಿದ್ದು ನಮ್ಮ ರಾಯಚೂರಿನಲ್ಲೇ. ದೇಶಕ್ಕೆ ಅದು ದೊಡ್ಡ ಸುದ್ದಿ. ಹೇರೆತ್ತಿನವರ ಕಸುಬಿಗೆ ಅದು ದೊಡ್ಡ ಹೊಡೆತ. ವ್ಯಾಪಾರದ ದಾರಿಯ ನಿಜವಾದ ವಾರಸುದಾರರು ಇವತ್ತಿಗೂ ನಮ್ಮ ನಡುವೆ ಇದ್ದಾರೆ. ಟೂರ್ ಗುಂಪು ತಾಂಡಾಕ್ಕೆ ಹೋಗಿ ಹೆಣ್ಣುಮಕ್ಕಳ ಬಟ್ಟೆಯ ಫೋಟೊ ಹೊಡೆದು ಬರುವುದು ಬೇಡ. ತಾಂಡಾದ ಹುಡುಗಿಯೇ ಗೈಡ್ ಆಗಿ ತನ್ನ ಜನರ ದಾರಿಯ ಕಥೆ ಹೇಳಲಿ, ಸಂಬಳ ಪಡೆಯಲಿ.

ಇದು ಯಾಕೆ ಮುಖ್ಯ ಎಂದರೆ ನಮ್ಮ ಸೀಮೆಯಿಂದ ಈಗ ಹೊರಗೆ ಹೋಗುತ್ತಿರುವ ಸರಕು ಜನ. ಸುಗ್ಗಿ ಮುಗಿದರೆ ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ. ಗುಳೆ ಹೋಗುವುದು ಇಲ್ಲಿ ಹೊಸದಲ್ಲ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ನಮ್ಮ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು. ಅಲ್ಲಿ ಬಿದ್ದ ಅಕ್ಕಿ ಆಯ್ದು ದಾಸೋಹ ಮಾಡಿದವರು. ಗಂಡ ಒಂದು ದಿನ ಹೆಚ್ಚಿಗೆ ಅಕ್ಕಿ ತಂದಾಗ, ನಮಗೆ ಬೇಕಾದಷ್ಟೇ ಸಾಕು, ಉಳಿದದ್ದು ಅಲ್ಲೇ ಸುರಿದು ಬಾ ಎಂದು ಕಳಿಸಿದವಳು ಲಕ್ಕಮ್ಮ. ಟೂರ್ ದುಡ್ಡಿನ ವಿಷಯದಲ್ಲೂ ನಮಗೆ ಅದೇ ಅಳತೆ ಸಾಕು. ಎಲ್ಲರ ಗುಳೆ ತಪ್ಪಿಸುತ್ತದೆ ಎಂದು ನಾವು ಹೇಳುವುದಿಲ್ಲ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ನಾಲ್ಕು ಹುಡುಗ ಹುಡುಗಿಯರಿಗೆ ಊರಲ್ಲೇ ಮರ್ಯಾದೆಯ ಕೆಲಸ ಸಿಕ್ಕರೂ ಅದು ಲಾಭವೇ.

ಗೈಡ್‌ಗೆ ಒಂದೇ ನಿಯಮ: ಕಲ್ಲು ಹೇಳಿದ್ದನ್ನು ಹೇಳು, ಹೇಳದ್ದನ್ನು ಹೇಳಬೇಡ. ಗಬ್ಬೂರಿಗೆ ಚೀನಾದ ರೇಷ್ಮೆ ಬಂತು, ಅಶೋಕ ಇಲ್ಲಿ ತಂಗಿದ್ದ ಎಂದೆಲ್ಲ ಉಬ್ಬಿಸಬೇಕಿಲ್ಲ. ಬ್ರಹ್ಮಗಿರಿ ಶಾಸನದಲ್ಲಿ ಬರುವ ಸುವರ್ಣಗಿರಿ ಯಾವುದು ಎಂಬುದರಲ್ಲಿ ಪಂಡಿತರಲ್ಲೇ ಎರಡು ಮಾತಿದೆ. ಕೆಲವರು ನಮ್ಮ ಪಕ್ಕದ ಕನಕಗಿರಿ ಎನ್ನುತ್ತಾರೆ, ಕೆಲವರು ಆಂಧ್ರದ ಜೊನ್ನಗಿರಿ ಎನ್ನುತ್ತಾರೆ. ಎರಡನ್ನೂ ಹೇಳಿದರೆ ಬಂದವರಿಗೆ ನಂಬಿಕೆ ಹೆಚ್ಚುತ್ತದೆ.

‘ಯಾರ್ ಬರ್ತಾರ್ರೀ?’

ಈ ಪ್ರಶ್ನೆ ಬಂದೇ ಬರುತ್ತದೆ. ನ್ಯಾಯದ ಪ್ರಶ್ನೆ. ಹಂಪಿ, ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಿದವರು ನಮ್ಮ ಬಿಸಿಲಿಗೆ ಯಾಕೆ ಬರುತ್ತಾರೆ?

ನಮ್ಮ ಉತ್ತರ: ಸಮರ್ಕಂಡ್‌ಗೆ ಹೋಗುವವರನ್ನು ಮೊದಲೇ ಕಾಯಬೇಡಿ. ಮೊದಲ ಗುಂಪು ನಮ್ಮದೇ ಶಾಲೆ ಮಕ್ಕಳದ್ದಾಗಲಿ. ರಾಯಚೂರು, ಮಾನ್ವಿ, ದೇವದುರ್ಗದ ಶಾಲೆಗಳು ವರ್ಷಾ ಪ್ರವಾಸಕ್ಕೆ ಮೈಸೂರು, ಹಂಪಿ ಎನ್ನುತ್ತವೆ. ಒಂದು ದಿನ ರಾಯಚೂರು ಕೋಟೆ, ಗಬ್ಬೂರು. ಇನ್ನೊಂದು ದಿನ ಸಿರವಾರ, ಕವಿತಾಳ ದಾಟಿ ಮಸ್ಕಿಯ ಶಾಸನ, ಅಲ್ಲಿಂದ ಹಟ್ಟಿ, ಮುದಗಲ್ ಕೋಟೆ. ಪಠ್ಯಪುಸ್ತಕದಲ್ಲಿ ಓದಿದ ಅಶೋಕನ ಹೆಸರನ್ನು ಮಸ್ಕಿಯ ಬಂಡೆಯ ಮೇಲೆ ಕಂಡ ಮಗು ಅದನ್ನು ಮರೆಯುವುದಿಲ್ಲ. ಎರಡನೇ ಗುಂಪು ನಮ್ಮ ತಾಯಂದಿರದ್ದಾಗಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಧರ್ಮಸ್ಥಳ, ಕೊಪ್ಪಳದ ಗವಿಮಠ ಎಂದು ಹೊರಟಿದ್ದಾರೆ. ಗುಂಪು ಪ್ರವಾಸ ಹೇಗೆ ಮಾಡಬೇಕು ಎಂಬುದನ್ನು ಟೂರ್ ಕಂಪನಿಗಿಂತ ಚೆನ್ನಾಗಿ ಅವರು ಕಲಿತಿದ್ದಾರೆ. ಈ ಎರಡು ಗುಂಪಿನ ಮೇಲೆ ಊರಿನ ಗೈಡ್‌ಗಳು ಕೈ ಪಳಗಿಸಿಕೊಂಡರೆ, ಹೊರಗಿನವರು ಬಂದಾಗ ತಡವರಿಸುವುದಿಲ್ಲ.

ಗ್ರಾಮಸಭೆಯಲ್ಲಿ ಕೇಳಬೇಕಾದ ನಾಲ್ಕು ಮಾತು

ಮುಂದಿನ ಗ್ರಾಮಸಭೆಗೆ ಗಬ್ಬೂರಿನವರು, ಹಾಗೆಯೇ ಈ ದಾರಿಯ ಬೇರೆ ಊರಿನವರೂ ಈ ನಾಲ್ಕು ವಿಷಯ ಇಟ್ಟು ಠರಾವು ಮಾಡಿಸಿ.

ಒಂದು, ಊರಿನ ಎಲ್ಲ ಹಳೇ ಗುಡಿ, ಬಾವಿ, ವೀರಗಲ್ಲು, ಶಾಸನಗಳ ಪಟ್ಟಿ ಆಗಲಿ. ಮೊಬೈಲ್‌ನಲ್ಲಿ ಫೋಟೊ ತೆಗೆದು, ಯಾರ ಹೊಲದಲ್ಲಿ, ಯಾವ ಗೋಡೆಯಲ್ಲಿ ಇದೆ ಎಂದು ಬರೆದು ಪಿಡಿಒ ಹತ್ತಿರ ಒಂದು ಪ್ರತಿ, ಶಾಲೆಯಲ್ಲಿ ಒಂದು ಪ್ರತಿ ಇಡಿ. ಬಟ್ಟೆ ಒಗೆಯುವ ಕಲ್ಲಾಗಿ, ಮೆಟ್ಟಿಲಾಗಿ ಬಳಕೆಯಲ್ಲಿರುವ ಶಾಸನಗಳನ್ನು ಮನೆಯವರ ಜೊತೆ ಮಾತಾಡಿ ಒಂದು ಕಡೆ ನಿಲ್ಲಿಸಿ.

ಎರಡು, ಸ್ಮಾರಕಗಳ ಗಡಿ ನಕ್ಷೆ ಕೇಳಿ. ಗಡಿಯೊಳಗಿನ ಮನೆಗಳ ಬಗ್ಗೆ ಇಲಾಖೆಯಿಂದ ಲಿಖಿತ ಉತ್ತರ ಕೇಳಿ. ಬಾಯಿ ಮಾತು ಸಾಲದು.

ಮೂರು, ಹೊರಗಿನಿಂದ ಗುಂಪು ತರುವವರು ತಲೆಗಿಷ್ಟು ಊರಿನ ಪಾಲು ಕೊಡಬೇಕು ಎಂದು ಗೊತ್ತುಮಾಡಿ. ಆ ದುಡ್ಡು ಬೇರೆ ಖಾತೆಯಲ್ಲಿರಲಿ, ಲೆಕ್ಕ ಗೋಡೆಯ ಮೇಲೆ ಬರಲಿ. ಹಳಬರು ಕಲ್ಲಿನ ಮೇಲೆ ಬರೆಸಿದರು, ನಾವು ಬೋರ್ಡಿನ ಮೇಲಾದರೂ ಬರೆಯೋಣ.

ನಾಲ್ಕು, ಗೈಡ್‌ಗಳನ್ನು ಆರಿಸುವಾಗ ಎಲ್ಲ ಓಣಿಯವರಿಗೂ, ತಾಂಡಾದವರಿಗೂ, ಹೆಣ್ಣುಮಕ್ಕಳಿಗೂ ಪಾಲಿರಲಿ. ಗುಡಿ ತೋರಿಸುವ ಹುಡುಗನಿಗೆ ಅದೇ ಗುಡಿಯ ಹೊಸ್ತಿಲು ದಾಟಲು ಬಿಡದಿದ್ದರೆ ಅಂಥ ಟೂರ್ ಬೇಡವೇ ಬೇಡ.

ನಾಲ್ಕರಲ್ಲಿ ಯಾವುದಕ್ಕೂ ಮಂತ್ರಿಗಳ ಉದ್ಘಾಟನೆ ಬೇಕಿಲ್ಲ, ಬೆಂಗಳೂರಿನ ಫೈಲು ಬೇಕಿಲ್ಲ. ಎಷ್ಟೋ ಊರುಗಳಲ್ಲಿ ನರೇಗಾ ಕೂಲಿಯಲ್ಲೇ ಹಳೇ ಕಲ್ಯಾಣಿಗಳ ಹೂಳು ತೆಗೆದಿದ್ದಾರೆ. ಊರು ಮನಸ್ಸು ಮಾಡಿದ್ದರಿಂದ ಅದು ಆಯಿತು.

ನಿಮ್ಮ ಊರಲ್ಲೂ ಇಂಥ ಕಲ್ಲು, ಬಾವಿ, ಹಳೇ ಹಾದಿ ಇದ್ದರೆ ಫೋಟೊ ತೆಗೆದು, ಊರಿನ ಹಿರಿಯರು ಅದಕ್ಕೆ ಏನೆಂದು ಕರೆಯುತ್ತಾರೆ ಎಂದು ಬರೆದು ನಮಗೆ ಕಳಿಸಿ. ಪಟ್ಟಿಯ ಕೆಲಸ ಅಲ್ಲಿಂದಲೇ ಶುರುವಾಗಲಿ.